ಸೆಮಿನರಿಗೆ ಮಾನ್ಯತೆ ಇದೆ, ಸರಿ. ಓದಿದವರು ಎಲ್ಲಿದ್ದಾರೆ?

ಪ್ರವೇಶದ ಸೀಸನ್ ಬಂದರೆ ಥಿಯಾಲಜಿ ಕಾಲೇಜುಗಳ ಪೋಸ್ಟರ್‌ಗಳು ಚರ್ಚ್ ಯುವಜನರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಓಡಾಡೋಕೆ ಶುರುವಾಗುತ್ತವೆ. ಅವುಗಳಲ್ಲಿ ದಪ್ಪಕ್ಷರದಲ್ಲಿ ಕಾಣುವ ಮಾತು ‘ಮಾನ್ಯತೆ ಪಡೆದ ಸಂಸ್ಥೆ’. ಯಾರಿಂದ ಮಾನ್ಯತೆ, ಯಾವುದಕ್ಕೆ ಮಾನ್ಯತೆ ಅಂತ ಕೇಳುವವರು ಕಡಿಮೆ.

ಸಮಸ್ಯೆ ಸ್ವಲ್ಪ ಮಟ್ಟಿಗೆ ನಮ್ಮ ಭಾಷೆಯದ್ದೂ ಹೌದು. ಪದವಿ ಕೊಡುವ ಕಾನೂನಿನ ಅಧಿಕಾರ, ಒಂದು ವಿಶ್ವವಿದ್ಯಾಲಯದ ಜೊತೆಗಿನ ಸಂಯೋಜನೆ, ಹೊರಗಿನವರು ಬಂದು ಗುಣಮಟ್ಟ ನೋಡಿ ಹಾಕುವ ಮುದ್ರೆ, ಈ ಮೂರಕ್ಕೂ ನಾವು ಒಂದೇ ಪದ ಬಳಸುತ್ತೇವೆ. ಆದರೆ ಮೂರೂ ಬೇರೆ ಬೇರೆ.

ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು ಮತ್ತು ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜುಗಳ ಬಿಡಿ ಪದವಿ ಬರುವುದು ಪಶ್ಚಿಮ ಬಂಗಾಳದ ಸೆರಾಂಪುರ ಸೆನೆಟ್‌ನಿಂದ. ಅದರ ಅಧಿಕಾರದ ಬೇರು 1827ರಲ್ಲಿ ಡೆನ್ಮಾರ್ಕ್ ದೊರೆ ಕೊಟ್ಟ ಸನದಿನಲ್ಲಿ ಮತ್ತು 1918ರ ಸೆರಾಂಪುರ ಕಾಲೇಜು ಕಾಯ್ದೆಯಲ್ಲಿದೆ. (ಡ್ಯಾನಿಶ್ ವಸಾಹತು ಹೋಯಿತು, ಬ್ರಿಟಿಷರೂ ಹೋದರು, ಸನದು ಮಾತ್ರ ಉಳಿಯಿತು!) ಧರ್ಮಾರಾಮದಂಥ ಕ್ಯಾಥೊಲಿಕ್ ಸಂಸ್ಥೆಗಳ ದೇವಶಾಸ್ತ್ರ ಪದವಿಗೆ ವ್ಯಾಟಿಕನ್ ಒಪ್ಪಿಗೆ ಇದೆ. ಇನ್ನು ಅನೇಕ ಇವ್ಯಾಂಜೆಲಿಕಲ್ ಸೆಮಿನರಿಗಳು ತೋರಿಸುವುದು 1970ರಲ್ಲಿ ಹುಟ್ಟಿದ ಏಷ್ಯಾ ಥಿಯಾಲಾಜಿಕಲ್ ಅಸೋಸಿಯೇಷನ್ ಮುದ್ರೆಯನ್ನು. ಅದು ಸೆಮಿನರಿಗಳು ತಾವಾಗಿಯೇ ಒಪ್ಪಿಕೊಂಡ ಗುಣಮಟ್ಟದ ವ್ಯವಸ್ಥೆ. ಬೆಲೆ ಇದೆ, ಇಲ್ಲ ಅನ್ನಲ್ಲ. ಆದರೆ ಯುಜಿಸಿ ಕಾಯ್ದೆಯ 22ನೇ ಸೆಕ್ಷನ್ ಹೇಳುವ ಪದವಿ ಅಧಿಕಾರ ಅದಲ್ಲ. ಮುಂದೆ ಬೇರೆ ವಿಶ್ವವಿದ್ಯಾಲಯದಲ್ಲಿ ಎಂಎ, ಪಿಎಚ್‌ಡಿ ಮಾಡಬೇಕು ಅಂದಾಗ ಈ ವ್ಯತ್ಯಾಸ ವಿದ್ಯಾರ್ಥಿಯ ಕುತ್ತಿಗೆಗೆ ಬರಬಹುದು.

ನನ್ನ ತಕರಾರು ಇದಕ್ಕಿಂತ ಮುಂದಿನದು. ಮುದ್ರೆ ಯಾರದೇ ಇರಲಿ, ಗ್ರಂಥಾಲಯ ಎಷ್ಟು ದೊಡ್ಡದು, ಬೋಧಕರಲ್ಲಿ ಡಾಕ್ಟರೇಟ್ ಎಷ್ಟು ಜನಕ್ಕಿದೆ ಅನ್ನೋದು ತಿಳಿಯುತ್ತದೆ. ಸೇರಿದವರಲ್ಲಿ ಎಷ್ಟು ಮಂದಿ ಮುಗಿಸಿದರು, ಮುಗಿಸಿದವರಿಗೆ ಏನಾಯಿತು ಅನ್ನೋದು ಪ್ರವೇಶದ ಪುಸ್ತಿಕೆಯಲ್ಲಿ ಸಿಗುವುದಿಲ್ಲ.

ಬಿಡಿ ಅಂದರೆ ನಾಲ್ಕೈದು ವರ್ಷದ ವಸತಿ ಓದು. ಡಯಾಸಿಸ್ ಕಳಿಸಿದ ಹುಡುಗನಿಗೆ ಕೊನೆಯಲ್ಲಿ ಒಂದು ಸಭೆ, ಒಂದು ಮನೆ, ಒಂದು ಸಂಬಳ ಕಾದಿರುತ್ತದೆ. ಸ್ವಂತ ಖರ್ಚಲ್ಲಿ ಬಂದವರಿಗೆ ಆ ಬಾಗಿಲು ತೆರೆದೇ ತೀರುತ್ತದೆ ಅಂತಿಲ್ಲ. ನನಗೆ ಪರಿಚಯದ ಇಬ್ಬರು ಹೆಣ್ಣುಮಕ್ಕಳು ಒಳ್ಳೆಯ ಅಂಕದಲ್ಲೇ ಬಿಡಿ ಮುಗಿಸಿದರು. ಒಬ್ಬರು ಈಗ ಶಾಲೆಯಲ್ಲಿ ಪಾಠ ಮಾಡುತ್ತಾರೆ, ಇನ್ನೊಬ್ಬರು ಎನ್‌ಜಿಒ ಕೆಲಸದಲ್ಲಿದ್ದಾರೆ. ಆ ಕೆಲಸಗಳು ಕಮ್ಮಿಯವಲ್ಲ. ಆದರೆ ಅವರು ಹೊರಟದ್ದು ಪಾದ್ರಿ ಆಗಲು. ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, 1970ರ ದಶಕದಲ್ಲೇ ಮಹಿಳೆಯರಿಗೆ ಗುರುದೀಕ್ಷೆ ಕೊಟ್ಟಿತು. ಮೊದಲ ಮಹಿಳಾ ಬಿಷಪ್ ಬರಲು 2013 ಆಗಬೇಕಾಯಿತು. ನಡುವಿನ ಆ ದಶಕಗಳಲ್ಲಿ ಎಷ್ಟು ಹೆಣ್ಣುಮಕ್ಕಳು ಓದಿ ಎಲ್ಲಿ ಹೋದರು?

ಜಾತಿಯ ಪ್ರಶ್ನೆಯೂ ಇಲ್ಲೇ ಇದೆ. 1981ರಲ್ಲಿ ಅರವಿಂದ ಪಿ. ನಿರ್ಮಲ್ ಬೆಂಗಳೂರಿನ ಅದೇ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಮಾಡಿದ ಭಾಷಣದಿಂದ ದಲಿತ ದೇವಶಾಸ್ತ್ರ ಶುರುವಾಯಿತು ಅಂತ ಹೇಳುತ್ತೇವೆ, ಹೆಮ್ಮೆಪಡುತ್ತೇವೆ. ಪಠ್ಯದಲ್ಲಿ ದಲಿತ ದೇವಶಾಸ್ತ್ರ ಬಂತು. ದಲಿತ ಪದವೀಧರರಿಗೆ ಸಿಕ್ಕ ಸಭೆಗಳು ಊರಿನವೋ ನಗರದವೋ, ಬೋಧಕ ಹುದ್ದೆಗೆ ಎಷ್ಟು ಜನ ಬಂದರು, ಲೆಕ್ಕ ಇಡಬೇಕಲ್ವಾ?

ಅಮೆರಿಕ, ಕೆನಡಾದ ಸೆಮಿನರಿಗಳಿಗೆ ಮಾನ್ಯತೆ ಕೊಡುವ ಅಸೋಸಿಯೇಷನ್ ಆಫ್ ಥಿಯಾಲಾಜಿಕಲ್ ಸ್ಕೂಲ್ಸ್ ತನ್ನ ಸದಸ್ಯ ಸಂಸ್ಥೆಗಳಿಂದ ಈ ಲೆಕ್ಕ ಕೇಳುತ್ತದೆ. ಎಷ್ಟು ಮಂದಿ ಪದವಿ ಮುಗಿಸಿದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು ಅಂತ ಸಾರ್ವಜನಿಕವಾಗಿ ಪ್ರಕಟಿಸಬೇಕು. ನಮ್ಮ ನಾಗರಭಾವಿಯ ನ್ಯಾಕ್ ಕೂಡ ಸಾಮಾನ್ಯ ಕಾಲೇಜುಗಳಿಗೆ ‘ವಿದ್ಯಾರ್ಥಿ ಪ್ರಗತಿ’ಯ ಹೆಸರಲ್ಲಿ ಇದನ್ನು ಕೇಳುತ್ತದೆ. ನ್ಯಾಕ್ ಅಂದರೆ ಪವಿತ್ರ ಗಂಗೆ ಅಂತಲ್ಲ. 2025ರ ಫೆಬ್ರವರಿಯಲ್ಲಿ ಅದರ ತಪಾಸಣಾ ತಂಡದವರನ್ನೇ ಲಂಚದ ಆರೋಪದಲ್ಲಿ ಸಿಬಿಐ ಬಂಧಿಸಿತು. ಹಾಗಂತ ಪ್ರಶ್ನೆ ತಪ್ಪಾಗಲ್ಲ.

‘ಈ ಕಾಲದಲ್ಲಿ ಇದನ್ನೆಲ್ಲ ಎತ್ತಬೇಕಾ, ಸರ್ಕಾರ ಕೈ ಹಾಕಲು ಕಾಯುತ್ತಿದೆ’ ಅನ್ನುವವರಿದ್ದಾರೆ. ಭಯ ಸುಳ್ಳಲ್ಲ. 2022ರಲ್ಲಿ ಮತಾಂತರ ಕಾಯ್ದೆ ತಂದ ರಾಜ್ಯ ನಮ್ಮದು. ಅದಕ್ಕೇ ನಾನು ಸರ್ಕಾರವನ್ನು ಕರೆಯುತ್ತಿಲ್ಲ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ಸಂಸ್ಥೆ ನಡೆಸುವ ಹಕ್ಕು ಕೊಟ್ಟಿದೆ, ಅದು ಹಾಗೇ ಇರಲಿ. ಕೇಳಬೇಕಾದವರು ಸೆರಾಂಪುರ ಸೆನೆಟ್, ಏಷ್ಯಾ ಅಸೋಸಿಯೇಷನ್, ಡಯಾಸಿಸ್‌ಗಳು. ಮಾನ್ಯತೆ ನವೀಕರಿಸುವಾಗ ಒಂದು ಪುಟದ ಲೆಕ್ಕ ಕಡ್ಡಾಯ ಮಾಡಲು ಯಾವ ಸಚಿವರ ಸಹಿಯೂ ಬೇಡ.

ಅಲ್ಲಿಯವರೆಗೆ, ಈ ವರ್ಷ ಅರ್ಜಿ ಹಾಕುವವರು ಕಚೇರಿಗೆ ಒಂದು ಇಮೇಲ್ ಕಳಿಸಿ. ಕಳೆದ ಐದು ಬ್ಯಾಚ್‌ಗಳಲ್ಲಿ ಸೇರಿದವರು, ಮುಗಿಸಿದವರು, ದೀಕ್ಷೆ ಪಡೆದವರು ಎಷ್ಟು. ಅವರಲ್ಲಿ ಹೆಣ್ಣುಮಕ್ಕಳೆಷ್ಟು, ದಲಿತರೆಷ್ಟು, ಪ್ರಾಯೋಜಕರಿಲ್ಲದೆ ಬಂದವರೆಷ್ಟು. ಪದವಿ ಪತ್ರದ ಮೇಲೆ ಯಾರ ಹೆಸರಿರುತ್ತದೆ ಅಂತಲೂ ಕೇಳಿ. ಶುಲ್ಕ ಕಟ್ಟುವ ಮೊದಲು, ಬರಹದಲ್ಲಿ.