ಕೆಡವುವ ಮುನ್ನ ಅಳೆಯಿರಿ: ಮೈಸೂರಿನ ಹಳೆಯ ಕಾಲೇಜು ಆವರಣಗಳ ಪರವಾಗಿ ಒಂದು ಮನವಿ

ಮೈಸೂರಿನ ನಾಗರಿಕರೇ, ಇಲ್ಲಿನ ಕಾಲೇಜುಗಳಲ್ಲಿ ಓದಿ ಈಗ ನಾನಾ ಊರುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳೇ,

2022ರ ಅಕ್ಟೋಬರ್ 21ರಂದು ಮಹಾರಾಣಿ ಮಹಿಳಾ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಒಂದು ಭಾಗ ಕುಸಿದು ಬಿತ್ತು. ರಸಾಯನಶಾಸ್ತ್ರದ ಪ್ರಯೋಗಾಲಯ ಇದ್ದದ್ದು ಅಲ್ಲೇ. ಅಪಾಯದ ಸುಳಿವು ಮೊದಲೇ ಸಿಕ್ಕು ವಿದ್ಯಾರ್ಥಿನಿಯರನ್ನು ಹೊರಗೆ ಕಳುಹಿಸಿದ್ದರಿಂದ ಜೀವಹಾನಿ ತಪ್ಪಿತು. ಆಮೇಲೆ ಹಳೆಯದನ್ನು ತೆಗೆದು ಹೊಸ ಕಟ್ಟಡ ಕಟ್ಟುವ ತೀರ್ಮಾನವಾಯಿತು. 2025ರ ಜನವರಿಯಲ್ಲಿ, ಕೆಡವುವ ಕೆಲಸ ನಡೆಯುತ್ತಿರುವಾಗಲೇ ಕಟ್ಟಡ ಕುಸಿದು ಕಾರ್ಮಿಕರೊಬ್ಬರು ಪ್ರಾಣ ಕಳೆದುಕೊಂಡರು.

ಮಳೆಯಿಂದ ಬಿತ್ತು ಎಂದು ಹೇಳಿ ಈ ಮಾತನ್ನು ಮುಗಿಸಿಬಿಡಬಹುದು. ಆದರೆ ಸುಮಾರು ನೂರು ಮಳೆಗಾಲ ತಡೆದುಕೊಂಡ ಗೋಡೆ ಆ ವರ್ಷದ ಮಳೆಗೆ ಮಾತ್ರ ಏಕೆ ಸೋತಿತು ಎಂದು ಕೇಳಲೇಬೇಕು. ಅಂಬಿಲ್ ನರಸಿಂಹ ಅಯ್ಯಂಗಾರರ ಮುತುವರ್ಜಿಯಿಂದ 1881ರಲ್ಲಿ ಹೆಣ್ಣುಮಕ್ಕಳ ಶಾಲೆಯಾಗಿ ಶುರುವಾದ ಸಂಸ್ಥೆ ಅದು. ಹೆಣ್ಣುಮಕ್ಕಳು ಮನೆಯ ಹೊಸ್ತಿಲು ದಾಟಿ ಓದಲು ಬರುವುದೇ ದೊಡ್ಡ ಮಾತಾಗಿದ್ದ ದಿನಗಳಿಂದ ಹಿಡಿದು ಈವರೆಗೆ ಎಷ್ಟೋ ಮನೆತನಗಳ ಅಜ್ಜಿ, ತಾಯಿ, ಮಗಳು ಒಬ್ಬರ ಹಿಂದೆ ಒಬ್ಬರಂತೆ ಅಲ್ಲಿ ಕಲಿತಿದ್ದಾರೆ. ಅಂಥ ಸಂಸ್ಥೆಯ ಕಟ್ಟಡದ ಭವಿಷ್ಯ ನಿರ್ಧಾರವಾದದ್ದು ಅದು ಕುಸಿದ ಮೇಲೆ. ಆ ನಿರ್ಧಾರ ಕುಸಿಯುವ ಹತ್ತು ವರ್ಷ ಮೊದಲು ಆಗಬೇಕಿತ್ತು.

ನನ್ನ ಮೂಲ ಬೇಡಿಕೆ ಒಂದೇ. ಹಳೆಯ ಆವರಣದಲ್ಲಿ ಹೊಸ ಕಟ್ಟಡದ ನಕ್ಷೆಗೆ ಕೈ ಹಾಕುವ ಮುನ್ನ, ಅಲ್ಲಿ ಈಗಾಗಲೇ ನಿಂತಿರುವ ಪ್ರತಿಯೊಂದು ಕಟ್ಟಡವನ್ನೂ ಅಳೆಯಬೇಕು, ದಾಖಲಿಸಬೇಕು, ತಿಳಿದವರಿಂದ ಪರೀಕ್ಷೆ ಮಾಡಿಸಬೇಕು, ಆ ವರದಿಯನ್ನು ಜನರ ಮುಂದಿಡಬೇಕು. ಇಷ್ಟೂ ಆಗುವವರೆಗೆ ಒಂದು ಇಟ್ಟಿಗೆಯನ್ನೂ ಕೀಳಬಾರದು.

ಇದನ್ನು ಈಗಲೇ ಹೇಳಬೇಕಾಗಿದೆ. ಮಹಾರಾಣಿ ಕಾಲೇಜಿಗೆ ಬಂದ ಸ್ಥಿತಿ ನಾಳೆ ಬೇರೆ ಆವರಣಗಳಿಗೂ ಬರಬಹುದು. ಮಹಾರಾಜ ಕಾಲೇಜಿನ ಮೂಲ 1833ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತೆರೆದ ಇಂಗ್ಲಿಷ್ ಶಾಲೆ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದಾಗ ಅದಕ್ಕೆ ಆಧಾರವಾಗಿ ನಿಂತದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜು ಮತ್ತು ನಮ್ಮ ಮಹಾರಾಜ ಕಾಲೇಜು. ಸರ್ವೆಪಲ್ಲಿ ರಾಧಾಕೃಷ್ಣನ್ 1918ರಿಂದ 1921ರವರೆಗೆ ತತ್ತ್ವಶಾಸ್ತ್ರ ಬೋಧಿಸಿದ್ದು ಇಲ್ಲಿ. ಎಂ. ಹಿರಿಯಣ್ಣ, ಬಿಎಂಶ್ರೀ, ಟಿ.ಎಸ್. ವೆಂಕಣ್ಣಯ್ಯ ಪಾಠ ಹೇಳಿದ ಕೋಣೆಗಳಿವು. ಕುವೆಂಪು ಇಲ್ಲೇ ವಿದ್ಯಾರ್ಥಿಯಾಗಿದ್ದರು, ಮೇಷ್ಟರಾದರು, ಪ್ರಾಂಶುಪಾಲರೂ ಆದರು. ಸಮೀಪದಲ್ಲೇ 1928ರ ಯುವರಾಜ ಕಾಲೇಜಿದೆ. 1891ರಲ್ಲಿ ಸ್ಥಾಪನೆಯಾದ ಪ್ರಾಚ್ಯ ವಿದ್ಯಾ ಸಂಶೋಧನಾಲಯವೂ ಇದೆ. ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ್ದು ಆ ಸಂಸ್ಥೆಯ ಸಂಗ್ರಹದಿಂದಲೇ. ಕನ್ನಡದ ನವೋದಯವಾಗಲಿ ಭಾರತದ ರಾಜನೀತಿಯ ಚರಿತ್ರೆಯಾಗಲಿ, ಎರಡನ್ನೂ ಬರೆಯುವವರು ಈ ಒಂದೆರಡು ಬೀದಿಗಳ ಹೆಸರು ಹೇಳದೆ ಮುಂದೆ ಹೋಗಲಾರರು.

ಕಾಲೇಜುಗಳಿಗೆ ಜಾಗ ಬೇಕು. ಇದನ್ನು ನಾವು ಮನಸಾರೆ ಒಪ್ಪಬೇಕು. ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚಿದೆ, ಹೊಸ ವಿಷಯಗಳು ಬಂದಿವೆ. ಹೊಗೆ ಹೊರಹೋಗುವ ವ್ಯವಸ್ಥೆಯಿರುವ ಪ್ರಯೋಗಾಲಯ ಬೇಕು, ಸಾಕಷ್ಟು ಶೌಚಾಲಯ ಬೇಕು, ಗಾಲಿಕುರ್ಚಿಯಲ್ಲಿ ಬರುವವರಿಗೆ ಇಳಿಜಾರು ದಾರಿ ಬೇಕು. ಬಡವರ ಮಕ್ಕಳು ಹೆಚ್ಚಾಗಿ ಬರುವ ಸರ್ಕಾರಿ ಕಾಲೇಜಿನಲ್ಲಿ ಈ ಸೌಕರ್ಯ ಕೇಳುವವರನ್ನು ಪರಂಪರೆಯ ವಿರೋಧಿಗಳಂತೆ ಕಾಣುವುದು ಅನ್ಯಾಯ. ಸೋರುವ ಸೂರಿನಡಿ ಪಾಠ ಕೇಳಿ ಎಂದು ಯಾವ ಮಗುವಿಗೂ ಹೇಳುವ ಹಕ್ಕು ನಮಗಿಲ್ಲ.

ಹಳೆಯದನ್ನು ತೆಗೆದರೆ ಮಾತ್ರ ಹೊಸದಕ್ಕೆ ಎಡೆ ಎನ್ನುವ ಮಾತನ್ನು ಮಾತ್ರ ಒಪ್ಪಲಾಗದು. ಇದಕ್ಕೆ ಉತ್ತರವನ್ನು ನಮ್ಮ ವಿಶ್ವವಿದ್ಯಾನಿಲಯವೇ ಹಿಂದೆ ಕೊಟ್ಟಿದೆ. ಕುವೆಂಪು ಕುಲಪತಿಗಳಾಗಿದ್ದ 1956-60ರ ಅವಧಿಯಲ್ಲಿ ಸ್ನಾತಕೋತ್ತರ ವಿಭಾಗಗಳಿಗೆ ಜಾಗ ಬೇಕಾದಾಗ ಮಹಾರಾಜ ಕಾಲೇಜನ್ನು ಒಡೆದು ಎತ್ತರಿಸುವ ದಾರಿ ಹಿಡಿಯಲಿಲ್ಲ. ಕುಕ್ಕರಹಳ್ಳಿ ಕೆರೆಯಾಚೆ ಮಾನಸಗಂಗೋತ್ರಿ ಎದ್ದಿತು. ಅಲ್ಲಿ ಮೊದಲೇ ಇದ್ದ, 1905ರಲ್ಲಿ ಕಟ್ಟಿದ ಜಯಲಕ್ಷ್ಮಿ ವಿಲಾಸ ಅರಮನೆಯನ್ನೂ ಉಳಿಸಿಕೊಂಡರು. ಮುಂದೆ ಅದರಲ್ಲಿ ಜಾನಪದ ವಸ್ತುಸಂಗ್ರಹಾಲಯ ನೆಲೆಯಾಯಿತು. ಆ ಅರಮನೆಯ ಭಾಗ ಶಿಥಿಲವಾದಾಗ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ದುರಸ್ತಿ ನಡೆಯಿತು. ಆಮೇಲೆ ನಿತ್ಯದ ನಿಗಾ ಕಡಿಮೆಯಾಗಿ ಅದೇ ಕಟ್ಟಡ ಮತ್ತೊಮ್ಮೆ ದುರಸ್ತಿ ಬೇಡಿತು. ಹಳೆಯ ಕಟ್ಟಡವನ್ನು ಉಳಿಸಿಕೊಂಡೇ ಬೆಳೆಯಬಹುದು ಎನ್ನುವುದು ಇಲ್ಲಿ ಗೊತ್ತಾಯಿತು. ಒಮ್ಮೆ ದುರಸ್ತಿ ಮಾಡಿ ಕೈ ತೊಳೆದುಕೊಂಡರೆ ಉಳಿಯುವುದಿಲ್ಲ ಎನ್ನುವುದೂ ಗೊತ್ತಾಯಿತು.

ಕರ್ನಾಟಕದಲ್ಲಿ ಇಂಥ ನಿದರ್ಶನಗಳು ಇನ್ನೂ ಇವೆ. ಧಾರವಾಡದ ಕರ್ನಾಟಕ ಕಾಲೇಜು ನಡೆಯುತ್ತಿರುವುದು ಸದರ್ನ್ ಮರಾಠಾ ರೈಲ್ವೆಯ ಕಚೇರಿಯಾಗಿ ಕಟ್ಟಿದ ಕಟ್ಟಡದಲ್ಲಿ. ಬೆಂಗಳೂರಿನ ಹಳೆಯ ಸೆಂಟ್ರಲ್ ಜೈಲು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ ಆ ಆವರಣಕ್ಕೆ ವಿನ್ಯಾಸ ಸ್ಪರ್ಧೆ ನಡೆಸಿ, ಕಾವಲು ಗೋಪುರವನ್ನೂ ಬ್ಯಾರಕ್ಕುಗಳನ್ನೂ ಉಳಿಸಿಕೊಂಡು, 2008ರಲ್ಲಿ ಫ್ರೀಡಂ ಪಾರ್ಕ್ ಎಂದು ಜನರಿಗೆ ತೆರೆದರು. ಅದೇ ಊರಿನಲ್ಲಿ 1868ರಿಂದ ಬಳಕೆಯಲ್ಲಿರುವ ಅಠಾರಾ ಕಚೇರಿಯನ್ನು ಕೆಡವುವ ಯೋಜನೆ 1980ರ ದಶಕದಲ್ಲಿ ಬಂದಾಗ ನಾಗರಿಕರು ದನಿ ಎತ್ತಿದರು, ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. ಇಂದಿಗೂ ಹೈಕೋರ್ಟು ಅದೇ ಕೆಂಪು ಕಟ್ಟಡದಲ್ಲಿದೆ. ಅಂದು ಬೆಂಗಳೂರಿನ ಜನ ಸುಮ್ಮನಿದ್ದಿದ್ದರೆ ವಿಧಾನಸೌಧದ ಎದುರು ಇಂದು ಏನಿರುತ್ತಿತ್ತು, ಯೋಚಿಸಿ.

ಮೈಸೂರಿನ ಈ ಕಟ್ಟಡಗಳು ಬೀಳುತ್ತಿರುವುದು ಏಕೆ? ಹಳೆಯದಾದವು, ಅದಕ್ಕೇ ಬಿದ್ದವು ಎಂದರೆ ಉತ್ತರವಾಗುವುದಿಲ್ಲ. ಇವನ್ನು ಕಟ್ಟಿದ್ದು ಇಟ್ಟಿಗೆ ಮತ್ತು ಸುಣ್ಣದ ಗಾರೆಯಿಂದ. ಬೆಲ್ಲದ ನೀರು, ಅಳಲೆಕಾಯಿಯ ರಸ ಬೆರೆಸಿ ಹದ ಮಾಡುತ್ತಿದ್ದ ಗಾರೆ ಅದು. ಮೇಲೆ ಮದ್ರಾಸ್ ತಾರಸಿ: ತೇಗದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಜೋಡಿಸಿ, ಅದರ ಮೇಲೆ ಸುಣ್ಣದ ಕಾಂಕ್ರೀಟು ಬಡಿದು ಗಟ್ಟಿ ಮಾಡಿದ್ದು. ಸುಣ್ಣದ ಗೋಡೆ ತೇವವನ್ನು ಎಳೆದುಕೊಳ್ಳುತ್ತದೆ, ಬಿಸಿಲು ಬಂದಾಗ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿದರೆ ತೇವಕ್ಕೆ ಹೊರಹೋಗುವ ದಾರಿಯಿಲ್ಲ, ಗೋಡೆ ಒಳಗಿನಿಂದಲೇ ಮೆತ್ತಗಾಗುತ್ತದೆ. ತಾರಸಿಯ ನೀರು ಹರಿದುಹೋಗುವ ಕಿಂಡಿಯಲ್ಲಿ ತರಗೆಲೆ ಕಟ್ಟಿಕೊಂಡರೆ ನೀರು ನಿಂತು ತೊಲೆಯ ತುದಿಗೆ ಇಳಿಯುತ್ತದೆ. ತೊಲೆ ಗೋಡೆಯೊಳಗೆ ಕೂತಿರುವ ಜಾಗ ಯಾರ ಕಣ್ಣಿಗೂ ಕಾಣುವುದಿಲ್ಲ, ಕೊಳೆಯುವುದು ಅಲ್ಲೇ. ಕೈಪಿಡಿ ಗೋಡೆಯ ಬಿರುಕಿನಲ್ಲಿ ಹಕ್ಕಿ ಹಾಕಿದ ಬೀಜದಿಂದ ಅರಳಿ ಸಸಿ ಹುಟ್ಟುತ್ತದೆ. ಎರಡು ಎಲೆ ಇದ್ದಾಗ ಕಿತ್ತರೆ ಅಲ್ಲಿಗೆ ಮುಗಿಯಿತು. ಐದು ವರ್ಷ ಬಿಟ್ಟರೆ ಅದರ ಬೇರು ಗೋಡೆಯನ್ನೇ ಸೀಳುತ್ತದೆ. ಇದರ ಜೊತೆಗೆ ಮೂಲ ಕಟ್ಟಡ ಎಂದೂ ಎಣಿಸದ ನೀರಿನ ಟ್ಯಾಂಕು, ಶೌಚಾಲಯ, ಭಾರದ ಯಂತ್ರಗಳನ್ನು ಮೇಲೆ ಹೇರಿದ್ದೇವೆ.

ಹೀಗೆ ನೋಡಿದರೆ ಇವು ಮುಪ್ಪಿನಿಂದ ಬಿದ್ದ ಕಟ್ಟಡಗಳಲ್ಲ, ಆರೈಕೆಯಿಲ್ಲದೆ ಬಿದ್ದವು. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವ ಬಿತ್ತು. ಆಮೇಲೆ ವರ್ಷಗಟ್ಟಲೆ ವಾದ ನಡೆಯಿತು. ಒಂದು ತಜ್ಞ ತಂಡ ದುರಸ್ತಿ ಸಾಧ್ಯ ಎಂದಿತು, ಇನ್ನೊಂದು ಕೆಡವಿ ಎಂದಿತು. ವಾದ ನಡೆದಷ್ಟು ಕಾಲವೂ ಮಳೆ ಸುರಿಯುತ್ತಲೇ ಇತ್ತು. ಬಿದ್ದ ಮೇಲೆ ಶುರುವಾಗುವ ಚರ್ಚೆಯಲ್ಲಿ ಕಟ್ಟಡವೂ ಗೆಲ್ಲುವುದಿಲ್ಲ, ಅದನ್ನು ನಂಬಿದ ಜನರೂ ಗೆಲ್ಲುವುದಿಲ್ಲ.

ಆದ್ದರಿಂದ ವಿಶ್ವವಿದ್ಯಾನಿಲಯ, ಕಾಲೇಜು ಶಿಕ್ಷಣ ಇಲಾಖೆ, ಲೋಕೋಪಯೋಗಿ ಇಲಾಖೆ ಮತ್ತು ಜಿಲ್ಲಾಡಳಿತದ ಮುಂದೆ ನಾವು ಒಟ್ಟಾಗಿ ಇಡಬೇಕಾದ ಬೇಡಿಕೆಗಳು ಇವು.

ಮೊದಲನೆಯದು, ಪ್ರತಿ ಹಳೆಯ ಕಟ್ಟಡದ ಅಳತೆ ನಕ್ಷೆ, ಛಾಯಾಚಿತ್ರ, ಬಳಸಿದ ಸಾಮಗ್ರಿಯ ವಿವರ ಸಿದ್ಧವಾಗಲಿ. ಅದರ ಒಂದು ಪ್ರತಿ ಕಾಲೇಜಿನ ಗ್ರಂಥಾಲಯದಲ್ಲಿ ಯಾರು ಕೇಳಿದರೂ ಸಿಗಲಿ.

ಎರಡನೆಯದು, ಕಟ್ಟಡದ ದೃಢತೆಯ ಪರೀಕ್ಷೆಯನ್ನು ಸುಣ್ಣದ ಗಾರೆ ಮತ್ತು ಮರದ ತೊಲೆಯ ಕಟ್ಟಡಗಳಲ್ಲಿ ಕೆಲಸ ಮಾಡಿದ ಎಂಜಿನಿಯರುಗಳೇ ಮಾಡಲಿ. ಕಾಂಕ್ರೀಟಿಗೆ ಹೊಂದುವ ಅಳತೆಗೋಲಿನಿಂದ ಸುಣ್ಣದ ಗೋಡೆಯನ್ನು ಅಳೆದರೆ ಪ್ರತಿ ಹಳೆಯ ಗೋಡೆಯೂ ಅನುತ್ತೀರ್ಣವಾಗುತ್ತದೆ.

ಮೂರನೆಯದು, ಒಂದೊಂದು ಕಟ್ಟಡಕ್ಕೆ ಒಂದೊಂದು ಟೆಂಡರ್ ಕರೆಯುವ ಬದಲು ಇಡೀ ಆವರಣಕ್ಕೆ ಒಂದು ಯೋಜನೆ ಬರಲಿ. ಯಾವುದನ್ನು ಮುಟ್ಟಬಾರದು, ಯಾವುದರ ಒಳಗೆ ಮಾತ್ರ ಬದಲಿಸಬಹುದು, ಯಾವುದನ್ನು ತೆಗೆಯಬಹುದು ಎಂದು ಅದರಲ್ಲಿ ಗುರುತಿಸಲಿ. ಹಳೆಯ ಕಟ್ಟಡಗಳ ಸುತ್ತ ಆಮೇಲೆ ಎದ್ದ ಶೀಟಿನ ಶೆಡ್ಡುಗಳನ್ನೂ ತುಕ್ಕು ಹಿಡಿದ ಉಗ್ರಾಣಗಳನ್ನೂ ಮೊದಲು ತೆಗೆಯಲಿ, ಹೊಸ ಕಟ್ಟಡಕ್ಕೆ ಜಾಗವನ್ನು ಅಲ್ಲಿಂದ ಹುಡುಕಲು ಶುರು ಮಾಡಲಿ. ಪ್ರಯೋಗಾಲಯ ಹೊಸ ಕಟ್ಟಡಕ್ಕೆ ಹೋಗಲಿ. ಹಳೆಯದರಲ್ಲಿ ತರಗತಿ, ಗ್ರಂಥಾಲಯ, ಸಭಾಂಗಣ ನಡೆಯಲಿ. ಬಾಗಿಲು ತೆರೆದು ಜನ ಓಡಾಡುವ ಕಟ್ಟಡದಲ್ಲಿ ಸೋರಿಕೆ ಬೇಗ ಕಣ್ಣಿಗೆ ಬೀಳುತ್ತದೆ, ಬೀಗ ಹಾಕಿದ್ದು ಬೇಗ ಹಾಳಾಗುತ್ತದೆ.

ನಾಲ್ಕನೆಯದು, ಪ್ರತಿ ವರ್ಷದ ಬಜೆಟ್ಟಿನಲ್ಲಿ ನಿರ್ವಹಣೆಗೇ ಮೀಸಲಾದ ಹಣ ಇರಲಿ. ಮುಂಗಾರಿಗೆ ಮೊದಲು ತಾರಸಿ ಗುಡಿಸುವುದು, ನೀರಿನ ಕಿಂಡಿ ತೆರೆಯುವುದು, ಸಸಿ ಕೀಳುವುದು, ಒಡೆದ ಹೆಂಚು ಬದಲಿಸುವುದು ಕಡ್ಡಾಯವಾಗಲಿ. ಗಾರೆ ಕೆಲಸ ಬಲ್ಲ ಮೇಸ್ತ್ರಿಗಳು ನಮ್ಮ ಜಿಲ್ಲೆಯಲ್ಲಿ ಇನ್ನೂ ಇದ್ದಾರೆ. ಅವರಿಗೆ ಕೆಲಸ ಕೊಟ್ಟರೆ ಕಸುಬೂ ಉಳಿಯುತ್ತದೆ.

ಐದನೆಯದು, ಯಾವುದನ್ನಾದರೂ ಕೆಡವಲೇಬೇಕಾದರೆ ಪರಂಪರೆ ಸಮಿತಿಯ ಅಭಿಪ್ರಾಯ ಮೊದಲು ಪ್ರಕಟವಾಗಲಿ, ಜನರ ಆಕ್ಷೇಪಣೆಗೆ ಕಾಲಾವಕಾಶ ಸಿಗಲಿ. ತೇಗದ ಬಾಗಿಲು, ತೊಲೆ, ಕಲ್ಲಿನ ಕಂಬಗಳು ಗುಜರಿಗೆ ಹೋಗದೆ ಅದೇ ಆವರಣದಲ್ಲಿ ಬಳಕೆಯಾಗಲಿ. ಕೆಡವುವ ಕಾರ್ಮಿಕರ ಸುರಕ್ಷತೆಗೆ ಲಿಖಿತ ಹೊಣೆಗಾರಿಕೆ ಇರಲಿ. ಇನ್ನೊಂದು ಜೀವ ಹೋಗಬಾರದು.

ಇದರಲ್ಲಿ ನಿಮ್ಮ ಪಾಲೂ ಇದೆ.

ಹಳೆಯ ವಿದ್ಯಾರ್ಥಿಗಳೇ, ನಿಮ್ಮ ಮನೆಯ ಆಲ್ಬಮ್ಮಿನಲ್ಲಿ ಕಾಲೇಜಿನ ಗ್ರೂಪ್ ಫೋಟೊ ಇರುತ್ತದೆ. ನೀವು ನಿಂತ ಸಾಲಿನ ಹಿಂದೆ ಕಾಣುವ ಕಮಾನು, ಕಿಟಕಿ, ಕಂಬ ಇಂದು ದಾಖಲೆ. ಅದರ ಪ್ರತಿ ತೆಗೆದು, ವರ್ಷ ಬರೆದು ಕಾಲೇಜಿಗೆ ಕಳುಹಿಸಿ. ಯಾವ ಕಮಾನು ಯಾವಾಗ ಮುಚ್ಚಿತು, ಯಾವ ಪಡಸಾಲೆಗೆ ಯಾವಾಗ ಗೋಡೆ ಬಂತು ಎಂದು ಆ ಫೋಟೊಗಳೇ ಹೇಳುತ್ತವೆ.

ಎಂಜಿನಿಯರಿಂಗ್ ಮತ್ತು ವಾಸ್ತುಶಿಲ್ಪ ಕಾಲೇಜುಗಳ ಅಧ್ಯಾಪಕರೇ, ನಿಮ್ಮ ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ಈ ಕಟ್ಟಡಗಳ ಅಳತೆಯನ್ನೇ ಕೊಡಿ. ಅವರಿಗೆ ಕಲಿಕೆಯಾಗುತ್ತದೆ, ಊರಿಗೆ ನಕ್ಷೆ ಸಿಗುತ್ತದೆ. ಈ ಕಾಲೇಜುಗಳಲ್ಲಿ ಪಾಠ ಮಾಡುತ್ತಿರುವವರೇ, ಎಲ್ಲಿ ಸೋರಿತು, ಎಲ್ಲಿ ಬಿರುಕು ಬಿಟ್ಟಿತು ಎಂಬುದನ್ನು ದಿನಾಂಕ ಹಾಕಿ ಬರೆದಿಟ್ಟು, ಪ್ರಾಂಶುಪಾಲರಿಗೆ ಲಿಖಿತವಾಗಿ ಕೊಡಿ. ಬಾಯಿಮಾತಿನ ದೂರಿಗೆ ಕಡತದಲ್ಲಿ ಜಾಗವಿಲ್ಲ.

ಉಳಿದ ನಾಗರಿಕರ ಕೈಯಲ್ಲಿ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಮೂರು ಪ್ರಶ್ನೆ ಕೇಳಿ: ಈ ಕಟ್ಟಡದ ದೃಢತೆಯ ಪರೀಕ್ಷೆ ಕೊನೆಯದಾಗಿ ನಡೆದದ್ದು ಎಂದು, ವರದಿ ಏನು ಹೇಳಿತು, ಕಳೆದ ಐದು ವರ್ಷಗಳಲ್ಲಿ ನಿರ್ವಹಣೆಗೆ ಖರ್ಚಾದ ಹಣ ಎಷ್ಟು? ಬಂದ ಉತ್ತರವನ್ನು ನಿಮ್ಮ ಬಡಾವಣೆಯ ಸಂಘದಲ್ಲಿ ಓದಿ, ಪತ್ರಿಕೆಗೆ ಬರೆಯಿರಿ, ಶಾಸಕರು ಮತ ಕೇಳಲು ಬಂದಾಗ ಅವರ ಮುಂದಿಡಿ. ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಕೇಂದ್ರ ಕಚೇರಿ ಇರುವುದು ಇದೇ ಮೈಸೂರಿನಲ್ಲಿ, ಬಾಗಿಲು ತಟ್ಟಲು ದೂರ ಹೋಗಬೇಕಾಗಿಲ್ಲ.

ದಸರೆಯ ಹತ್ತು ದಿನ ದೀಪ ಹಾಕಿ ಪರಂಪರೆಯ ನಗರಿ ಎಂದು ಹೆಮ್ಮೆ ಪಡುವ ನಾವು, ಉಳಿದ ದಿನಗಳಲ್ಲಿ ಒಂದು ಪತ್ರವನ್ನಾದರೂ ಬರೆಯಬೇಕು. ನಿಮಗೆ ವಿದ್ಯೆ ಕೊಟ್ಟ ಒಂದು ಕಟ್ಟಡವನ್ನು ಆರಿಸಿಕೊಳ್ಳಿ. ಈ ವಾರವೇ ಅದರ ಹೆಸರು ಬರೆದು, ಅಳತೆ, ಪರೀಕ್ಷೆ, ವರದಿ ಮೂರನ್ನೂ ಕೇಳಿ ಜಿಲ್ಲಾಧಿಕಾರಿಗಳಿಗೂ ಕುಲಪತಿಗಳಿಗೂ ಸಹಿ ಮಾಡಿದ ಪತ್ರ ಕಳುಹಿಸಿ. ಮುಂದಿನ ಮುಂಗಾರು ಶುರುವಾಗುವ ಮೊದಲು ಉತ್ತರ ಬೇಕು ಎಂದೂ ಅದರಲ್ಲಿ ಬರೆಯಿರಿ. ಒಂದು ಪತ್ರವನ್ನು ಕಡತದಲ್ಲಿ ಮುಚ್ಚಿಡಬಹುದು. ಸಾವಿರ ಪತ್ರ ಬಂದರೆ ಸಭೆ ಕರೆಯಲೇಬೇಕಾಗುತ್ತದೆ. ಆ ಸಭೆಗೆ ನಾವೆಲ್ಲ ಹೋಗೋಣ.