ಎದೆನೋವು ಬಂದ್ರೆ ಸೀದಾ ಬೆಂಗಳೂರಿಗಾ, ತಾಲೂಕು ಆಸ್ಪತ್ರೆಗಾ? ಮೊದಲ ಒಂದು ಗಂಟೆಯ ಲೆಕ್ಕ ಇಲ್ಲಿದೆ

ರಾಮನಗರ: ಜಿಲ್ಲೆಯ ಹೆಸರು 2025ರ ಮೇ ತಿಂಗಳಲ್ಲಿ ‘ಬೆಂಗಳೂರು ದಕ್ಷಿಣ’ ಅಂತ ಬದಲಾಯಿತು. ಹೆಸರಿನಲ್ಲಿ ಬೆಂಗಳೂರು ಹತ್ತಿರ ಬಂತು. ಆದರೆ ರಾತ್ರಿ ಹನ್ನೊಂದಕ್ಕೆ ಎದೆ ಹಿಡಿದುಕೊಂಡು ಕೂತ ಮನುಷ್ಯನಿಗೆ ಬೆಂಗಳೂರು ಇನ್ನೂ ಅಷ್ಟೇ ದೂರದಲ್ಲಿದೆ. ರಾಮನಗರದಿಂದ ಸುಮಾರು 50 ಕಿ.ಮೀ., ಚನ್ನಪಟ್ಟಣದಿಂದ 60, ಕನಕಪುರದಿಂದ 55, ಮಾಗಡಿಯಿಂದ 50. ಈ ದೂರದಲ್ಲೇ ಎಷ್ಟೋ ಮನೆಗಳ ಹಣೆಬರಹ ತೀರ್ಮಾನ ಆಗ್ತಿದೆ.

ನಮ್ಮ ತಾಲೂಕುಗಳಲ್ಲಿ ಎದೆನೋವು ಬಂದಾಗ ನಡೆಯೋದು ಸಾಮಾನ್ಯವಾಗಿ ಒಂದೇ ಥರ. ಮೊದಲು, ‘ಗ್ಯಾಸ್ಟ್ರಿಕ್ ಇರ್ಬೇಕು ಬಿಡು’ ಅಂತ ಸೋಡಾ, ಜೀರಿಗೆ ನೀರು, ಮೆಡಿಕಲ್ ಶಾಪಿನ ಮಾತ್ರೆ. ಕಡಿಮೆ ಆಗದಿದ್ರೆ ಹತ್ತಿರದ ಕ್ಲಿನಿಕ್. ಅಲ್ಲಿಯೂ ಆಗದಿದ್ರೆ ಕಾರು ಹುಡುಕಿ ‘ಸೀದಾ ಬೆಂಗಳೂರಿಗೆ ನಡೀರಿ’. ಈ ಮೂರನೇ ಹೆಜ್ಜೆ ಇಡುವ ಹೊತ್ತಿಗೆ ಎರಡು ಮೂರು ಗಂಟೆ ಹೋಗಿರುತ್ತೆ. ಈ ಗಡಿಬಿಡಿಯಲ್ಲಿ ಊರಲ್ಲೇ ಇರುವ ಸರ್ಕಾರಿ ತಾಲೂಕು ಆಸ್ಪತ್ರೆ ಯಾರ ನೆನಪಿಗೂ ಬರೋದಿಲ್ಲ.

ಅದು ನೆನಪಿಗೆ ಬರಬೇಕಾದ ಕಾಲ ಈಗ ಬಂದಿದೆ. ಯಾಕೆ ಅನ್ನೋದಕ್ಕೆ ಮೊದಲು ಕಾಯಿಲೆ ಏನು ಅಂತ ತಿಳಿಯಬೇಕು.

ಹೃದಯಾಘಾತ ಬೇರೆ, ಹೃದಯ ಸ್ತಂಭನ ಬೇರೆ

ಎರಡನ್ನೂ ನಾವು ‘ಹಾರ್ಟ್ ಅಟ್ಯಾಕ್’ ಅಂತಲೇ ಕರೀತೀವಿ. ಹೃದಯಾಘಾತ ಅಂದ್ರೆ ಹೃದಯದ ಮಾಂಸಖಂಡಕ್ಕೆ ರಕ್ತ ಕೊಡುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚೋದು. ರಕ್ತ ಸಿಗದ ಭಾಗ ಅರ್ಧ ಗಂಟೆಯೊಳಗೇ ಸಾಯಲು ಶುರು ಆಗುತ್ತೆ, ಗಂಟೆಗಳು ಕಳೆದಂತೆ ಸತ್ತ ಭಾಗ ದೊಡ್ಡದಾಗುತ್ತೆ. ಈ ಹೊತ್ತಿನಲ್ಲಿ ರೋಗಿ ಮಾತಾಡ್ತಿರಬಹುದು, ನಡೀತಿರಬಹುದು, ‘ಏನಿಲ್ಲ, ನಾಳೆ ನೋಡೋಣ’ ಅಂತಲೂ ಹೇಳಬಹುದು.

ಹೃದಯ ಸ್ತಂಭನದಲ್ಲಿ ಹೃದಯ ಬಡಿಯೋದೇ ನಿಲ್ಲುತ್ತೆ. ಮನುಷ್ಯ ಕುಸಿದು ಬೀಳ್ತಾನೆ, ಕರೆದರೆ ಓಗೊಡೋದಿಲ್ಲ, ಸರಿಯಾಗಿ ಉಸಿರಾಡೋದಿಲ್ಲ. ಇಲ್ಲಿ ಸಿಗೋದು ಕೆಲವೇ ನಿಮಿಷ. ಹೃದಯಾಘಾತವನ್ನು ಹಾಗೇ ಬಿಟ್ಟರೆ ಅದು ಯಾವಾಗ ಬೇಕಾದರೂ ಸ್ತಂಭನಕ್ಕೆ ತಿರುಗಬಹುದು. ಹಾಗಾಗಿ ಮಾತಾಡ್ತಿದ್ದ ಮನುಷ್ಯ ಕಾರಿನಲ್ಲೇ ಕುಸಿಯೋದು ಅಪರೂಪದ ಸಂಗತಿ ಏನಲ್ಲ.

‘ಗ್ಯಾಸ್ಟ್ರಿಕ್’ ಅಂತ ಅನ್ನಿಸೋದು ಯಾಕೆ?

ಹೃದಯದ ಕೆಳಭಾಗಕ್ಕೆ ಪೆಟ್ಟು ಬಿದ್ದರೆ ನೋವು ಹೊಟ್ಟೆಯ ಮೇಲ್ಭಾಗದಲ್ಲಿ ಕಾಣಿಸುತ್ತೆ. ವಾಂತಿ, ತೇಗು, ಎದೆ ಉರಿ ಜೊತೆಗೇ ಬರಬಹುದು. ತೇಗು ಬಂದ ಮೇಲೆ ಸ್ವಲ್ಪ ಹಗುರ ಅನ್ನಿಸಿದರೂ ಅದು ಗ್ಯಾಸ್ ಅನ್ನೋದಕ್ಕೆ ಸಾಕ್ಷಿ ಅಲ್ಲ.

ಎಚ್ಚರ ಆಗಬೇಕಾದ ಲಕ್ಷಣ ಇವು: ಎದೆ ಮಧ್ಯೆ ಕಲ್ಲು ಹೇರಿದಂಥ ಭಾರ ಅಥವಾ ಹಿಂಡಿದಂಥ ನೋವು 15–20 ನಿಮಿಷವಾದರೂ ಬಿಡದಿರೋದು, ಎಡಗೈ, ಭುಜ, ದವಡೆ, ಬೆನ್ನಿಗೆ ನೋವು ಹರಿಯೋದು, ತಣ್ಣನೆ ಬೆವರು, ಉಸಿರು ಕಟ್ಟೋದು, ಕಣ್ಣು ಕತ್ತಲೆ ಬರೋದು. ಸಕ್ಕರೆ ಕಾಯಿಲೆ ಇರುವವರು, ಹೆಂಗಸರು, ವಯಸ್ಸಾದವರಲ್ಲಿ ಎದೆನೋವೇ ಇಲ್ಲದೆ ಬರೀ ಸುಸ್ತು, ಬೆವರು, ಏದುಸಿರು ಇರಬಹುದು. ‘ಅಮ್ಮಂಗೆ ಯಾಕೋ ಸುಸ್ತು’ ಅಂತ ಮಲಗಿಸಿ ಬಿಡುವ ಮನೆಗಳಲ್ಲೇ ಹೆಚ್ಚು ತಡ ಆಗೋದು.

ಗ್ಯಾಸಾ, ಹೃದಯವಾ ಅಂತ ಮನೆಯವರಾಗಲಿ, ಅಂಗಡಿಯವರಾಗಲಿ ತೀರ್ಮಾನಿಸೋಕೆ ಆಗೋದಿಲ್ಲ. ಅದಕ್ಕೆ ಇಸಿಜಿ ಬೇಕು. ಆಸ್ಪತ್ರೆ ಬಾಗಿಲು ದಾಟಿದ 10 ನಿಮಿಷದೊಳಗೆ ಇಸಿಜಿ ಆಗಬೇಕು ಅನ್ನೋದು ಪ್ರಪಂಚದ ಎಲ್ಲ ಕಡೆ ಒಪ್ಪಿರುವ ನಿಯಮ.

ಇನ್ನೊಂದು ವಿಷಯ ಗೊತ್ತಿರಲಿ. ಮೊದಲ ಇಸಿಜಿ ನಾರ್ಮಲ್ ಬಂದ ಮಾತ್ರಕ್ಕೆ ಎದ್ದು ಮನೆಗೆ ಬರಬಾರದು. ನಾಳ ಪೂರ್ತಿ ಮುಚ್ಚದೆ ಅರೆಬರೆ ಮುಚ್ಚಿದ್ದರೆ ಇಸಿಜಿಯಲ್ಲಿ ಕಾಣದೇ ಹೋಗಬಹುದು. ನೋವು ಮುಂದುವರಿದರೆ ಮತ್ತೆ ಮತ್ತೆ ಇಸಿಜಿ ತೆಗೆಯಬೇಕು, ಟ್ರೋಪೋನಿನ್ ಅನ್ನುವ ರಕ್ತ ಪರೀಕ್ಷೆ ಮಾಡಬೇಕು. ಆ ಅಂಶ ರಕ್ತದಲ್ಲಿ ಏರೋಕೆ ಕೆಲವು ಗಂಟೆ ಹಿಡಿಯುತ್ತೆ. ಅದಕ್ಕೇ ಡಾಕ್ಟರು ‘ಇನ್ನೊಂದು ಸಲ ರಕ್ತ ತೆಗೀಬೇಕು’ ಅಂದರೆ ಅದು ದುಡ್ಡಿನ ಆಸೆ ಅಂದುಕೊಳ್ಳಬಾರದು.

ತಾಲೂಕು ಆಸ್ಪತ್ರೆಗೆ ಬಂದ ಹೊಸ ಆಯುಧ

ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡಾಗ ಅವರಿಗೆ 46 ವರ್ಷ. ಅವರ ಹೆಸರಿನಲ್ಲೇ ರಾಜ್ಯ ಸರ್ಕಾರ 2023ರಲ್ಲಿ ‘ಹೃದಯ ಜ್ಯೋತಿ’ ಯೋಜನೆ ಶುರು ಮಾಡಿತು. ಮೊದಲ ಹಂತಗಳಲ್ಲಿ 86 ಜಿಲ್ಲಾ ಮತ್ತು ತಾಲೂಕು ಆಸ್ಪತ್ರೆಗಳನ್ನು ಸೇರಿಸಲಾಯಿತು. ಎಲ್ಲ ತಾಲೂಕು ಆಸ್ಪತ್ರೆಗೂ ವಿಸ್ತರಿಸೋದಾಗಿ 2025ರ ಜುಲೈನಲ್ಲಿ ಸರ್ಕಾರ ಹೇಳಿತು.

ಯೋಜನೆ ಕೆಲಸ ಮಾಡೋದು ಹೀಗೆ. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಆನ್‌ಲೈನ್‌ನಲ್ಲಿ ಜಯದೇವದಂಥ ದೊಡ್ಡ ಆಸ್ಪತ್ರೆಗೆ ಹೋಗುತ್ತೆ. ಕಂಪ್ಯೂಟರ್ ಸಹಾಯದಿಂದ, ತಜ್ಞರ ಕಣ್ಣಿನಲ್ಲಿ ಕೆಲವೇ ನಿಮಿಷದಲ್ಲಿ ಉತ್ತರ ಬರುತ್ತೆ. ನಾಳ ಪೂರ್ತಿ ಮುಚ್ಚಿದೆ ಅಂತ ಖಚಿತವಾದರೆ ಅಲ್ಲೇ ಟೆನೆಕ್ಟೆಪ್ಲೇಸ್ ಅನ್ನುವ ಇಂಜೆಕ್ಷನ್. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧ ಇದು. ರೋಗಿಯ ತೂಕ ನೋಡಿ ಒಂದೇ ಸಲಕ್ಕೆ ಕೊಡ್ತಾರೆ. ಹೊರಗೆ ಸುಮಾರು 30 ಸಾವಿರ ರೂಪಾಯಿ ಬೀಳುವ ಈ ಇಂಜೆಕ್ಷನ್ ಯೋಜನೆಯಲ್ಲಿ ಉಚಿತ.

ನೋವು ಶುರುವಾಗಿ 12 ಗಂಟೆಯೊಳಗೆ ಕೊಡಬಹುದು. ಆದರೆ ನಿಜವಾದ ಲಾಭ ಮೊದಲ ಮೂರು ಗಂಟೆಯಲ್ಲಿ, ಅದರಲ್ಲೂ ಮೊದಲ ಗಂಟೆಯಲ್ಲಿ. ಹೆಪ್ಪು ಹಳೆಯದಾದಷ್ಟೂ ಗಟ್ಟಿಯಾಗುತ್ತೆ, ಔಷಧಕ್ಕೆ ಬಗ್ಗೋದಿಲ್ಲ.

ಎಲ್ಲರಿಗೂ ಇದನ್ನು ಕೊಡೋಕಾಗೋದಿಲ್ಲ. ಮೆದುಳಿನಲ್ಲಿ ರಕ್ತಸ್ರಾವ ಆಗಿದ್ದವರು, ಇತ್ತೀಚೆಗೆ ಪಾರ್ಶ್ವವಾಯು ಆದವರು, ಹೊಸದಾಗಿ ದೊಡ್ಡ ಆಪರೇಷನ್ ಆದವರು, ಬಿಪಿ ವಿಪರೀತ ಏರಿರುವವರಿಗೆ ಅಪಾಯ. ಅದಕ್ಕೇ ರೋಗಿಯ ಹಳೆಯ ಚೀಟಿ, ತಗೊಳ್ತಿರುವ ಮಾತ್ರೆಗಳನ್ನು ಜೊತೆಗೆ ಒಯ್ಯಬೇಕು.

ಹಾಗಾದ್ರೆ ಬೆಂಗಳೂರಿಗೆ ಹೋಗೋದೇ ಬೇಡ್ವಾ?

ಹೋಗಬೇಕು. ಆದರೆ ಇಂಜೆಕ್ಷನ್ ಆದ ಮೇಲೆ. ಪ್ರಶ್ನೆ ಇರೋದು ಯಾವುದು ಮೊದಲು ಅನ್ನೋದರಲ್ಲಿ.

ಮುಚ್ಚಿದ ನಾಳ ತೆರೆಯೋಕೆ ಅತ್ಯುತ್ತಮ ದಾರಿ ಆಂಜಿಯೋಪ್ಲಾಸ್ಟಿ, ಅಂದರೆ ಬಲೂನ್ ಹಾಕಿ ಸ್ಟೆಂಟ್ ಇಡೋದು. ಆದರೆ ಅದು ಸುಮಾರು ಎರಡು ಗಂಟೆಯೊಳಗೆ ಆಗುವಂತಿದ್ದರೆ ಮಾತ್ರ ಇಂಜೆಕ್ಷನ್ ಬಿಟ್ಟು ನೇರ ಅಲ್ಲಿಗೆ ಹೋಗೋದು ಸರಿ ಅನ್ನುತ್ತೆ ವೈದ್ಯಕೀಯ ನಿಯಮ. ಈಗ ನಮ್ಮ ರಸ್ತೆಯ ಲೆಕ್ಕ ಹಾಕಿ.

ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆದ ಮೇಲೆ ‘ಬೆಂಗಳೂರು ಮುಕ್ಕಾಲು ಗಂಟೆ ಅಷ್ಟೇ’ ಅನ್ನೋ ಮಾತು ರಾಮನಗರ, ಚನ್ನಪಟ್ಟಣದಲ್ಲಿ ಮಾಮೂಲಾಯಿತು. ಆದರೆ ಆ ಮುಕ್ಕಾಲು ಗಂಟೆ ಕೆಂಗೇರಿವರೆಗೆ. ಅಲ್ಲಿಂದ ಬನ್ನೇರುಘಟ್ಟ ರಸ್ತೆಯ ಜಯದೇವ ಮುಟ್ಟೋಕೆ ಎಷ್ಟು ಹೊತ್ತು ಅನ್ನೋದನ್ನು ಸಂಜೆ ಏಳು ಗಂಟೆಯ ಟ್ರಾಫಿಕ್ ಹೇಳಬೇಕು. 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ಬೈಕು, ಆಟೋ ಬಿಡೋದಿಲ್ಲ. ಊರಿನಲ್ಲಿ ತಕ್ಷಣ ಸಿಗೋದು ಆಟೋನೇ ತಾನೇ? ಅದು ಸರ್ವಿಸ್ ರಸ್ತೆಯಲ್ಲೇ ಸಾಗಬೇಕು.

ಕನಕಪುರದವರಿಗೆ ಹಾರೋಹಳ್ಳಿ, ಕಗ್ಗಲೀಪುರ ದಾಟಿ ನಗರಕ್ಕೆ ಹೊಕ್ಕ ಮೇಲೆ ಅದೇ ಕಥೆ. ಮಾಗಡಿಯವರಿಗೆ ತಾವರೆಕೆರೆ ದಾಟಿದರೆ ಸುಂಕದಕಟ್ಟೆಯಿಂದ ಮುಂದೆ ಸಿಗ್ನಲ್ ಮೇಲೆ ಸಿಗ್ನಲ್. ಕೋಡಿಹಳ್ಳಿ, ಉಯ್ಯಂಬಳ್ಳಿ ಕಡೆಯವರಿಗಂತೂ ಕನಕಪುರ ಮುಟ್ಟೋದೇ ಒಂದು ಪ್ರಯಾಣ. ಆಸ್ಪತ್ರೆ ಮುಟ್ಟಿದ ಮೇಲೂ ಇಸಿಜಿ, ದಾಖಲಾತಿ, ಕ್ಯಾತ್‌ಲ್ಯಾಬ್ ಸಿದ್ಧತೆಗೆ ಹೊತ್ತು ಹಿಡಿಯುತ್ತೆ. ಎಲ್ಲ ಕೂಡಿಸಿದರೆ ಎರಡು ಗಂಟೆಯ ಗಡಿ ಬಹಳ ಸಲ ದಾಟಿಹೋಗುತ್ತೆ.

ಅದೇ ರೋಗಿ ಹತ್ತು ನಿಮಿಷದಲ್ಲಿ ತಾಲೂಕು ಆಸ್ಪತ್ರೆ ಸೇರಿ, ಅರ್ಧ ಗಂಟೆಯಲ್ಲಿ ಇಂಜೆಕ್ಷನ್ ಪಡೆದರೆ? ಔಷಧ ಕೆಲಸ ಮಾಡ್ತಿರುವಾಗಲೇ ಆಂಬುಲೆನ್ಸ್‌ನಲ್ಲಿ ಬೆಂಗಳೂರಿಗೆ ಹೊರಡಬಹುದು. ಚನ್ನಪಟ್ಟಣದವರಿಗೆ ಮೈಸೂರಿನ ಜಯದೇವವೂ ಒಂದು ದಾರಿ. ಇಂಜೆಕ್ಷನ್ ಕೆಲವರಿಗೆ ಕೆಲಸ ಮಾಡೋದಿಲ್ಲ. 60ರಿಂದ 90 ನಿಮಿಷದ ಮೇಲೆ ಮತ್ತೆ ಇಸಿಜಿ ನೋಡಿ, ನಾಳ ತೆರೆದಿಲ್ಲ ಅನ್ನಿಸಿದರೆ ತುರ್ತಾಗಿ ಆಂಜಿಯೋಪ್ಲಾಸ್ಟಿ ಬೇಕು. ಕೆಲಸ ಮಾಡಿದ್ದರೂ 24 ಗಂಟೆಯೊಳಗೆ ಆಂಜಿಯೋಗ್ರಾಂ ಆಗಬೇಕು. ‘ನೋವು ಹೋಯ್ತಲ್ಲ’ ಅಂತ ತಾಲೂಕು ಆಸ್ಪತ್ರೆಯಿಂದ ಮನೆಗೆ ಹೊರಟುಬಿಡೋದು ಇನ್ನೊಂದು ದೊಡ್ಡ ತಪ್ಪು.

ಹಾಸನ ಹೇಳಿಕೊಟ್ಟ ಪಾಠ

2025ರ ಮೇ, ಜೂನ್‌ನಲ್ಲಿ ಹಾಸನ ಜಿಲ್ಲೆಯ ಸರಣಿ ಸಾವುಗಳ ಸುದ್ದಿ ನಮ್ಮ ಜಿಲ್ಲೆಯಲ್ಲೂ ನಿದ್ದೆ ಕೆಡಿಸಿತ್ತು. ಏನೂ ತೊಂದರೆ ಇಲ್ಲದವರೂ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಸಾಲು ನಿಂತರು. ಜಯದೇವ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. ಅವುಗಳಲ್ಲಿ 4 ಹೃದಯಕ್ಕೆ ಸಂಬಂಧಿಸಿದ್ದೇ ಅಲ್ಲ ಅಂತ ಕಂಡುಬಂತು. ಕೋವಿಡ್ ಲಸಿಕೆಗೂ ಇದಕ್ಕೂ ನಂಟು ಸಿಗಲಿಲ್ಲ. ಸಿಕ್ಕಿದ್ದು ಹಳೆಯ ಕಾರಣಗಳೇ: ಬಿಪಿ, ಶುಗರ್, ಬೀಡಿ-ಸಿಗರೇಟು, ಮದ್ಯ, ಬೊಜ್ಜು, ಮನೆತನದಲ್ಲಿ ಹೃದಯದ ಕಾಯಿಲೆ. ಸತ್ತವರಲ್ಲಿ ಆಟೋ, ಕ್ಯಾಬ್ ಓಡಿಸುವವರೂ ಇದ್ದರು.

ಈ ಪಟ್ಟಿ ನಮ್ಮ ಪೇಟೆಗಳಿಗೂ ಹೊಂದುತ್ತೆ. ಬೆಳಗ್ಗೆ ಎಂಟರಿಂದ ರಾತ್ರಿ ಹತ್ತರವರೆಗೆ ಗಲ್ಲಾ ಮುಂದೆ ಕೂತವರು, ಊಟದ ಹೊತ್ತಿಗೆ ಬೋಂಡಾ-ಟೀಯಲ್ಲಿ ಮುಗಿಸುವವರು, ರಾತ್ರಿ ಪಾಳಿ ಮಾಡುವ ಬಿಡದಿಯ ಕಾರ್ಮಿಕರು, ಗೂಡು ಮಾರೋಕೆ ನಸುಕಿಗೇ ಎದ್ದು ರಾಮನಗರ ಮಾರುಕಟ್ಟೆಗೆ ಬರುವ ರೈತರು. ನೋವು ಬಂದಾಗ ಇವರೆಲ್ಲರ ಮೊದಲ ಮಾತು, ‘ಅಂಗಡಿ ಯಾರು ನೋಡ್ಕೋತಾರೆ?’, ‘ದುಡ್ಡು ಕೈಗೆ ಬಂದ ಮೇಲೆ ಹೋದ್ರಾಯ್ತು’. ಹೃದಯಾಘಾತದಲ್ಲಿ ರಸ್ತೆಗಿಂತ ಹೆಚ್ಚು ಹೊತ್ತು ತಿನ್ನೋದು ಈ ಮಾತೇ.

ಕೇಳಬೇಕಾದ ಪ್ರಶ್ನೆಗಳು

ಮೆಡಿಕಲ್ ಕಾಲೇಜು ರಾಮನಗರಕ್ಕಾ, ಕನಕಪುರಕ್ಕಾ ಅನ್ನೋ ಜಗಳ 2023ರಲ್ಲಿ ಬೀದಿಗೆ ಬಂದು ಬಂದ್‌ವರೆಗೂ ಹೋಯ್ತು. ಕಾಲೇಜು ಬೇಕು, ತಪ್ಪಿಲ್ಲ. ಆದರೆ ಇವತ್ತು ರಾತ್ರಿ ಎದೆನೋವು ಬಂದವನಿಗೆ ಬೇಕಿರೋದು ಕಟ್ಟಡ ಅಲ್ಲ. ಜಯದೇವವನ್ನು ವರ್ಷಗಟ್ಟಲೆ ನಡೆಸಿದ ಡಾ. ಸಿ.ಎನ್. ಮಂಜುನಾಥ್ 2024ರಿಂದ ಈ ಭಾಗದ ಸಂಸದರು. ಅವರಿಗೂ, ಜಿಲ್ಲೆಯ ಶಾಸಕರಿಗೂ, ಆರೋಗ್ಯಾಧಿಕಾರಿಗಳಿಗೂ ಜನ ಕೇಳಬೇಕಾದ್ದು ಸಣ್ಣ ಸಣ್ಣ ಪ್ರಶ್ನೆ:

• ನಮ್ಮ ತಾಲೂಕು ಆಸ್ಪತ್ರೆಯಲ್ಲಿ ರಾತ್ರಿ ಎರಡು ಗಂಟೆಗೆ ಇಸಿಜಿ ತೆಗೆಯುವವರು ಇರ್ತಾರಾ?
• ಟೆನೆಕ್ಟೆಪ್ಲೇಸ್ ಇವತ್ತು ಸ್ಟಾಕ್ ಇದೆಯಾ? ಮುಗಿದರೆ ಎಷ್ಟು ದಿನಕ್ಕೆ ಬರುತ್ತೆ?
• ರಾತ್ರಿ ಡ್ಯೂಟಿ ಡಾಕ್ಟರಿಗೆ ಅದನ್ನು ಕೊಡುವ ತರಬೇತಿ ಆಗಿದೆಯಾ?
• ಇಂಜೆಕ್ಷನ್ ಆದ ಮೇಲೆ ಒಯ್ಯುವ ಆಂಬುಲೆನ್ಸ್‌ನಲ್ಲಿ ಮಾನಿಟರ್, ಡಿಫಿಬ್ರಿಲೇಟರ್, ತರಬೇತಾದ ಸಿಬ್ಬಂದಿ ಇದ್ದಾರಾ?

ಈ ನಾಲ್ಕರಲ್ಲಿ ಒಂದಕ್ಕೆ ‘ಇಲ್ಲ’ ಅಂತ ಉತ್ತರ ಬಂದರೂ ಯೋಜನೆ ಬೋರ್ಡಿನಲ್ಲಷ್ಟೇ ಉಳಿಯುತ್ತೆ. ಜನ ಮತ್ತೆ ಬೆಂಗಳೂರಿನ ದಾರಿ ಹಿಡೀತಾರೆ, ಅವರನ್ನು ತಪ್ಪು ಅನ್ನೋಕೂ ಆಗೋದಿಲ್ಲ. ವರ್ತಕರ ಸಂಘಗಳು, ಹಾಲಿನ ಡೇರಿಗಳು, ಗ್ರಾಮ ಪಂಚಾಯ್ತಿಗಳು ಈ ಪ್ರಶ್ನೆಗಳನ್ನು ಬರವಣಿಗೆಯಲ್ಲಿ ಕೇಳಿ, ಉತ್ತರವನ್ನು ನೋಟಿಸ್ ಬೋರ್ಡಿಗೆ ಅಂಟಿಸಿದರೆ ಅದೇ ದೊಡ್ಡ ಕೆಲಸ.

ಆ ಹೊತ್ತಿಗೆ ಮಾಡಬೇಕಾದ್ದು

• ರೋಗಿಯನ್ನು ನಡೆಸಬೇಡಿ, ಮೆಟ್ಟಿಲು ಹತ್ತಿಸಬೇಡಿ, ಬೈಕ್ ಮಧ್ಯೆ ಕೂರಿಸಿಕೊಂಡು ಹೋಗಬೇಡಿ. ಒರಗಿಸಿ ಕೂರಿಸಿ, 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ತಡ ಅಂದರೆ ಸಿಕ್ಕ ಕಾರಿನಲ್ಲಿ ಹತ್ತಿರದ ಇಸಿಜಿ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ.
• ಆಸ್ಪಿರಿನ್ ಅಲರ್ಜಿ, ಹೊಟ್ಟೆಯಲ್ಲಿ ರಕ್ತಸ್ರಾವದ ತೊಂದರೆ ಇಲ್ಲದವರಿಗೆ 300 ಮಿಲಿಗ್ರಾಂ ಆಸ್ಪಿರಿನ್ ಜಗಿದು ನುಂಗಿಸಬಹುದು. ಅನುಮಾನ ಇದ್ದರೆ ಡಾಕ್ಟರನ್ನು ಫೋನಿನಲ್ಲಿ ಕೇಳಿ ಕೊಡಿ.
• ಪಕ್ಕದ ಮನೆಯವರ ಸಾರ್ಬಿಟ್ರೇಟ್ ಮಾತ್ರೆಯನ್ನು ನಾಲಿಗೆ ಕೆಳಗೆ ಇಡಬೇಡಿ. ಬಿಪಿ ಮೊದಲೇ ಇಳಿದಿದ್ದರೆ ಅದರಿಂದ ಇನ್ನೂ ಕುಸಿಯುತ್ತೆ.
• ಕುಸಿದು ಬಿದ್ದು ಉಸಿರಾಟ ಇಲ್ಲದಿದ್ದರೆ ಎದೆ ಮಧ್ಯೆ ಎರಡೂ ಅಂಗೈ ಇಟ್ಟು, ನಿಮಿಷಕ್ಕೆ 100–120 ಸಲ, 5 ಸೆಂ.ಮೀ. ಆಳಕ್ಕೆ ಒತ್ತುತ್ತಾ ಇರಿ. ಸಹಾಯ ಬರುವವರೆಗೆ ನಿಲ್ಲಿಸಬೇಡಿ. ನೀರು ಕುಡಿಸಬೇಡಿ, ಕೈಗೆ ಕಬ್ಬಿಣ ಕೊಡಬೇಡಿ.
• ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ರೇಷನ್ ಕಾರ್ಡ್, ಆಧಾರ್ ಒಂದೇ ಕವರಿನಲ್ಲಿ ಇಟ್ಟಿರಿ. ಆದರೆ ಕಾರ್ಡ್ ಹುಡುಕೋಕೆ ಅಂತ ಹೊರಡೋದನ್ನು ತಡ ಮಾಡಬೇಡಿ, ಹಿಂದಿನಿಂದ ಯಾರಾದರೂ ತರಬಹುದು.

ಅಂಗಡಿ ಷಟರ್ ಎಳೆಯೋಕೆ ಒಂದು ನಿಮಿಷ ಸಾಕು. ಒಂದು ದಿನದ ವ್ಯಾಪಾರ ನಾಳೆಯೂ ಆಗುತ್ತೆ. ಇಸಿಜಿ ತೆಗೆಸಿ, ‘ಬರೀ ಗ್ಯಾಸ್ ಕಣ್ರೀ’ ಅಂತ ಡಾಕ್ಟರು ನಕ್ಕು ಕಳಿಸಿದರೆ ಅದಕ್ಕಿಂತ ಒಳ್ಳೆ ಸುದ್ದಿ ಇನ್ನೇನಿದೆ?