ವಿಷವನ್ನು ಸುರಿದವರ ಹೊಣೆ

ಹೆಣ್ಣುಮಕ್ಕಳಿಗೆ ರಸಾಯನಶಾಸ್ತ್ರವು ಏತಕ್ಕೆ ಎಂದು ಕೆಲವರು ತಂದೆತಾಯಿಗಳು ನಮ್ಮನ್ನು ಕೇಳುವುದುಂಟು. ಪರೀಕ್ಷೆಗಾಗಿ ಮಾತ್ರವಲ್ಲ, ಮನೆಯನ್ನೂ ಊರನ್ನೂ ಕಾಯುವುದಕ್ಕಾಗಿ ಎಂಬುದೇ ನಮ್ಮ ಉತ್ತರ. ಇದಕ್ಕೆ ದೃಷ್ಟಾಂತವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಕನ್ನಡ ತುಳು ನುಡಿಗಳು ನೆಲೆಸಿರುವ ಕಾಸರಗೋಡಿನ ಸೀಮೆಯಲ್ಲಿಯೇ ಅದು ದೊರೆಯುವುದು.

ಅಲ್ಲಿನ ಗುಡ್ಡಗಳಲ್ಲಿ ಕೇರಳ ಸರಕಾರದ ಪ್ಲಾಂಟೇಷನ್ ಕಾರ್ಪೊರೇಷನ್ನಿಗೆ ಸೇರಿದ ವಿಸ್ತಾರವಾದ ಗೇರುತೋಟಗಳುಂಟು. ಚಿಗುರಿನ ರಸವನ್ನು ಹೀರುವ ಟೀ ಸೊಳ್ಳೆಯೆಂಬ ಕೀಟವನ್ನು ಕೊಲ್ಲುವುದಕ್ಕಾಗಿ 1970ರ ದಶಕದ ಕೊನೆಯಿಂದ 2000ನೆಯ ಇಸವಿಯವರೆಗೆ ಅವುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷವನ್ನು ಸಿಂಪಡಿಸಿದರು. ದಕ್ಷಿಣ ಕನ್ನಡದ ಕೊಕ್ಕಡ ಮುಂತಾದ ಗ್ರಾಮಗಳ ಗೇರುತೋಟಗಳಲ್ಲಿಯೂ ಹೀಗೆಯೇ ನಡೆಯಿತು.

ಕೀಟಕ್ಕೆಂದು ಎರಚಿದ ವಿಷವು ತೋಟದ ಬೇಲಿಯನ್ನು ಅರಿಯದು. ಅದರ ಸಣ್ಣ ಹನಿಗಳನ್ನು ಗಾಳಿಯು ಮನೆಯಂಗಳಗಳಿಗೆ ಹೊತ್ತೊಯ್ಯುವುದು. ಮಳೆಯು ಗುಡ್ಡವನ್ನು ತೊಳೆದು ತೋಡಿಗೂ ಬಾವಿಗೂ ಇಳಿಸುವುದು. ಈ ದ್ರವ್ಯವು ಮೀನುಗಳಿಗೆ ಬಹು ಘೋರವಾದುದು. ಕೊಬ್ಬಿನಲ್ಲಿ ಕರಗತಕ್ಕುದಾದುದರಿಂದ ಪ್ರಾಣಿಗಳ ದೇಹದಲ್ಲಿ ಸಂಗ್ರಹವಾಗುವುದು. ಕೀಟದ ನರಗಳನ್ನು ಕೆಡಿಸುವಂತೆಯೇ ಮನುಷ್ಯನ ನರಗಳನ್ನೂ ಕೆಡಿಸಬಲ್ಲುದು. ಎಣ್ಮಕಜೆ ಮೊದಲಾದ ಗ್ರಾಮಗಳ ಜನರು ಮೊದಲು ಜೇನುನೊಣಗಳೂ ಮೀನುಗಳೂ ಸಾಯುವುದನ್ನು ಕಂಡರು. ಬಳಿಕ ಅಂಗವೈಕಲ್ಯ, ಬುದ್ಧಿಮಾಂದ್ಯ, ಮೂರ್ಛೆರೋಗ ಇವುಗಳಿಂದ ಪೀಡಿತರಾದ ಮಕ್ಕಳನ್ನು ಹಲವು ಮನೆಗಳಲ್ಲಿ ಕಂಡರು.

2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಇದರ ತಯಾರಿಕೆಯನ್ನೂ ಮಾರಾಟವನ್ನೂ ದೇಶದಲ್ಲೆಲ್ಲಾ ತಡೆಯಿತು. ಕೇರಳದ ಪೀಡಿತರಿಗೆ ತಲಾ 5 ಲಕ್ಷ ರೂಪಾಯಿಗಳನ್ನು ಕೊಡತಕ್ಕದ್ದೆಂದು 2017ರಲ್ಲಿ ಆಜ್ಞಾಪಿಸಿತು.

ಒಂದೊಂದು ಮಗುವಿನ ವ್ಯಾಧಿಗೂ ಇದೇ ಕಾರಣವೆಂದು ಸಿದ್ಧವಾಗಿಲ್ಲವೆಂದು ವಾದಿಸುವ ಶಾಸ್ತ್ರಜ್ಞರೂ ಉಂಟು. ಅವರ ಮಾತನ್ನು ಕೇಳದೆ ತಳ್ಳಬಾರದು. ಸಾಕ್ಷ್ಯವನ್ನು ತೂಗಿನೋಡುವುದೇ ಶಾಸ್ತ್ರದ ಧರ್ಮವಷ್ಟೆ. ಆದರೆ ಸಿದ್ಧಪಡಿಸುವ ಭಾರವನ್ನು ಹೊರತಕ್ಕವರು ಯಾರು? ಬಾನಿನಿಂದ ವಿಷವನ್ನು ಸುರಿದವರೋ, ಏಳಲಾರದ ಮಗನನ್ನು ಇಪ್ಪತ್ತು ವರುಷ ಎತ್ತಿ ಮೀಯಿಸಿ ಉಣ್ಣಿಸಿದ ತಾಯಿಯೋ? ಸುರಿಯುವುದಕ್ಕೆ ಮೊದಲೇ ಅದು ನಿರಪಾಯವೆಂದು ತೋರಿಸುವುದು ಸುರಿಯುವವರ ಕರ್ತವ್ಯವೆಂದು ನಾವು ದೃಢವಾಗಿ ನಂಬಿದ್ದೇವೆ. ಅದನ್ನು ಮಾಡದಿದ್ದ ಮೇಲೆ, ತಡವಾಗಿ ಬಂದ ಹಣವು ಆ ತಾಯಿಯ ತೋಳಿನ ಭಾರವನ್ನು ಇಳಿಸಲಾರದು.

ಆದುದರಿಂದ, ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮ ತೋಟಗದ್ದೆಗಳಿಗೆ ತರುವ ಕೀಟನಾಶಕದ ಡಬ್ಬಿಯನ್ನು ಓದಲು ಕಲಿಯಿರಿ. ಅದರ ಮೇಲಿನ ಗುರುತಿನಲ್ಲಿ ಕೆಂಪು ಬಣ್ಣವು ಅತ್ಯಂತ ಘೋರವಾದ ವಿಷವನ್ನು ಸೂಚಿಸುವುದು. ಅದರ ಬಳಿಕ ಹಳದಿ, ನೀಲಿ, ಹಸುರು ಕ್ರಮವಾಗಿ ಬರುವುವು. ಹಸುರೆಂದರೂ ವಿಷವೇ ಎಂಬುದನ್ನು ಮರೆಯಬೇಡಿರಿ. ಇದೇನು, ಎಲ್ಲಿಗೆ ಹರಿಯುವುದು, ಯಾರು ಪರೀಕ್ಷಿಸಿರುವರು ಎಂದು ಹಿರಿಯರನ್ನು ವಿನಯದಿಂದಲೂ ನಿರ್ಭಯದಿಂದಲೂ ಕೇಳಿರಿ. ಮನೆಗೆ ನೀರನ್ನು ಸೇದಿ ತರುವವರು ಬಹುಮಟ್ಟಿಗೆ ನೀವೇ. ಆ ನೀರಿನ ವಿಷಯವಾಗಿ ಮೊದಲು ವಿಚಾರಿಸತಕ್ಕವರೂ ನೀವೇ.